ಐವತ್ತಮೂರು ಕುರಿ

ನನಗೆ ಸಂಶಯ ಜಾಸ್ತಿ ಎಂದು ನಮ್ಮ ಮನೆಯವರು ಮದುವೆಯಾದ ಹೊಸದರಿಂದಲೂ ಹೇಳುತ್ತ ಬಂದಿದ್ದಾರೆ. ಅವರಿಗೇನು ಗೊತ್ತು? ತೂಕ-ಅಳತೆ ಪರೀಕ್ಷಿಸುವ ಕಚೇರಿಯಲ್ಲಿ ಇರುವವಳು ಎಲ್ಲರನ್ನೂ ನಂಬಿಕೊಂಡು ಕೂತರೆ ಅವಳಿಗೆ ಸಂಬಳ ಯಾಕೆ ಕೊಡಬೇಕು? ಬನಹಟ್ಟಿಯ ನೂಲಿನ ಅಂಗಡಿ, ಮುಧೋಳದ ಬೆಲ್ಲದ ಅಡತಿ ಅಂಗಡಿ, ಬೀಳಗಿಯ ಸಂತೆ, ಕಬ್ಬಿನ ಹಂಗಾಮು ಬಂದರೆ ಟ್ರ್ಯಾಕ್ಟರ್ ತೂಗುವ ದೊಡ್ಡ ಕಾಟಾ, ಎಲ್ಲಿಗೆ ಹೋದರೂ ನಾನು ಮೊದಲು ನೋಡುವುದು ತಕ್ಕಡಿಯನ್ನಲ್ಲ, ಮಾಲೀಕನ ಮುಖವನ್ನು. ಚಹಾ ತರಿಸುತ್ತೇನೆ ಕೂಡ್ರಿ ಎಂದು ಬಹಳ ನಗುತ್ತ ಕರೆದವನ ತಕ್ಕಡಿಯನ್ನು ಎರಡು ಸಲ ನೋಡುತ್ತೇನೆ.

ಈ ಗುಣ ಕಚೇರಿಯಲ್ಲಿ ಕಲಿತದ್ದೂ ಅಲ್ಲ. ನಮ್ಮ ತವರಿನವರು ಕುರಿ ಕಾಯುವವರು, ಬೀರಪ್ಪ ದೇವರ ಒಕ್ಕಲು. ನಮ್ಮಣ್ಣ ಇವತ್ತಿಗೂ ಅನಗವಾಡಿಯ ಹೊಳೆದಂಡೆಯ ಕಡೆ ಕುರಿ ಇಟ್ಟುಕೊಂಡಿದ್ದಾನೆ. ಹಿಂಡಿನಲ್ಲಿ ಎಷ್ಟು ಕುರಿ ಎಂದು ಯಾರಾದರೂ ಕೇಳಿದರೆ ಅವನ ಮುಖ ಗಂಟಿಕ್ಕುತ್ತದೆ. "ಅದಾವ ಒಂದಿಷ್ಟ" ಎನ್ನುತ್ತಾನೆ, ಅಷ್ಟೇ. ಸರ್ಕಾರದಿಂದ ಜಾನುವಾರು ಗಣತಿಗೆ ಬಂದವರಿಗೂ ಅವನಿಂದ ಅದೇ ಉತ್ತರ. ಆ ಮನೆಯಿಂದ ನಾನು ಓದಿ ನೌಕರಿಗೆ ಬಂದೆ, ಜಮಖಂಡಿಯಲ್ಲಿ ಮನೆ ಮಾಡಿದೆ. ಮನೆಯವರದು ಬಾಗಲಕೋಟೆಯಲ್ಲಿ ಕೆಲಸ, ರಜೆಗೆ ಬರುತ್ತಾರೆ. ನಮಗೆ ಒಬ್ಬಳೇ ಮಗಳು. ಹೈಸ್ಕೂಲು ಶುರುವಾಗುವಾಗ ಅಣ್ಣನ ಮಗಳೂ ಓದಲೆಂದು ನಮ್ಮ ಮನೆಗೆ ಬಂದಳು. ಇಬ್ಬರೂ ಒಂದೇ ವಾರಿಗೆಯವರು, ಒಂದೇ ತರಗತಿ. ಬೇಸಿಗೆ ರಜೆಯಲ್ಲಿ ಇಬ್ಬರೂ ಅಣ್ಣನ ಹಿಂಡಿನ ಹಿಂದೆ ಅಲೆದು ಕಪ್ಪಾಗಿ ಬರುತ್ತಿದ್ದರು. ಇಬ್ಬರಿಗೂ ಲೆಕ್ಕದ ಹುಚ್ಚು.

ಇವರು ಒಂಬತ್ತನೇ ತರಗತಿಯಲ್ಲಿದ್ದಾಗ ಗಣಿತದ ಸರ್ ಅಂತರರಾಷ್ಟ್ರೀಯ ಸ್ಪರ್ಧೆಯ ಮಾತು ತೆಗೆದರು. ನನ್ನ ಕಿವಿ ನೆಟ್ಟಗಾಯಿತು. ಹಿಂದೊಮ್ಮೆ ಟೈ ಕಟ್ಟಿಕೊಂಡ ಒಬ್ಬಾತ ಶಾಲೆಗೆ ಬಂದು, ಇದು ಜಗತ್ತಿನ ಮಕ್ಕಳೆಲ್ಲ ಬರೆಯುವ ಪರೀಕ್ಷೆ ಎಂದು ಹೇಳಿ ಹೋಗಿದ್ದ. ಆಮೇಲೆ ನೋಡಿದರೆ ಬರೆದವರಿಗೆಲ್ಲ ಚಿನ್ನದ ಬಣ್ಣದ ಪದಕ. ಏಳರ ಮಗ್ಗಿ ತಡವರಿಸುವ ಪಕ್ಕದ ಮನೆಯ ಹುಡುಗನ ಕೊರಳಲ್ಲೂ ಒಂದು ನೇತಾಡುತ್ತಿತ್ತು. ಮಗಳ ಪದಕವನ್ನು ನಾನು ಕಚೇರಿಗೆ ಒಯ್ದು ಸೂಕ್ಷ್ಮ ತಕ್ಕಡಿಯಲ್ಲಿ ಇಟ್ಟು ನೋಡಿದ್ದೆ. ಒಳ್ಳೆ ಪ್ಲಾಸ್ಟಿಕ್.

ಹಾಗಾಗಿ ಪಾಲಕರ ಸಭೆಯಲ್ಲಿ ಸರ್ ಅವರನ್ನು ನಿಲ್ಲಿಸಿಯೇ ಕೇಳಿದೆ, ಇದೂ ಆ ಪೈಕಿಯದ್ದೇನು ಎಂದು. ಅವರು ಮುಧೋಳದವರು, ದಿನಾ ಬಸ್ಸಿಗೆ ಬಂದುಹೋಗುತ್ತಿದ್ದ ತೆಳ್ಳನೆಯ ಮನುಷ್ಯ. ಸಿಟ್ಟಾಗಲಿಲ್ಲ. ಬಿಡಿಸಿ ಹೇಳಿದರು. ಮೊದಲನೆಯ ಹಂತದಲ್ಲಿ ಬರೀ ಉತ್ತರದ ಅಂಕಿ ಗುರುತಿಸಬೇಕು. ಎರಡನೆಯದರಲ್ಲಿ ಕಾರಣ ಸಮೇತ ಬರೆದು ತೋರಿಸಬೇಕು. ಹೀಗೆ ಸೋಸುತ್ತ ಸೋಸುತ್ತ ಕೊನೆಗೆ ಇಡೀ ದೇಶದಿಂದ ಆರೇ ಮಕ್ಕಳು ಹೊರದೇಶಕ್ಕೆ ಹೋಗುತ್ತಾರೆ. ಅಲ್ಲಿ ಎರಡು ದಿನ, ದಿನಕ್ಕೆ ಮೂರೇ ಲೆಕ್ಕ. ಪ್ರಶ್ನೆ ಆರಿಸಲು ಕೂತ ಪ್ರತಿ ದೇಶದ ಮುಖಂಡನನ್ನು ಅವನ ಮಕ್ಕಳಿಂದ ದೂರವೇ ಇಡುತ್ತಾರಂತೆ, ಪರೀಕ್ಷೆ ಮುಗಿಯುವ ತನಕ ಮಾತಿಲ್ಲವಂತೆ. ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಯಾರನ್ನೂ ನಂಬದ ಪರೀಕ್ಷೆ ಎಂದರೆ ನನಗೆ ಒಂದು ಗೌರವ.

ಜಿಲ್ಲೆಯಲ್ಲಿ ನಡೆಯುವ ತರಬೇತಿಗೆ ಒಂದು ಶಾಲೆಯಿಂದ ಇಬ್ಬರನ್ನೇ ಕಳಿಸಬೇಕಿತ್ತು. ಆ ತರಬೇತಿ ಇಲ್ಲದೆ ನಮ್ಮ ಕಡೆಯ ಮಕ್ಕಳು ಮೊದಲ ಹಂತ ದಾಟುವುದು ಕಷ್ಟ ಎಂದು ಸರ್ ಹೇಳಿದ್ದರು. ಇಬ್ಬರನ್ನು ಆರಿಸಲು ಅವರೇ ಒಂದು ಪರೀಕ್ಷೆ ಮಾಡಿದರು, ಮೊದಲ ಹಂತದ್ದೇ ನಮೂನೆ, ಹಾಳೆಯ ಮೇಲೆ ಉತ್ತರದ ಅಂಕಿ ಮಾತ್ರ. ಒಂದು ವಾರ ಕಳೆದಿರಬೇಕು, ನನಗೆ ಶಾಲೆಯಿಂದ ಕರೆ ಬಂತು.

ಶಿಕ್ಷಕರ ಕೋಣೆಯಲ್ಲಿ ಸರ್ ಒಬ್ಬರೇ ಇದ್ದರು. ಹುಡುಗಿಯರಿಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಿದ್ದರು. ಎರಡು ಹಾಳೆಗಳನ್ನು ನನ್ನ ಮುಂದೆ ಇಟ್ಟರು. ಇಡೀ ಶಾಲೆಯಲ್ಲಿ ಇವರಿಬ್ಬರದೇ ಮೇಲುಗೈ. ಆದರೆ ಒಂದು ಲೆಕ್ಕದ ಸುತ್ತ ಕೆಂಪು ಶಾಯಿ ಸುತ್ತಿತ್ತು. ಮಕ್ಕಳಿಗೆ ನಮ್ಮೂರಿನದೇ ಅನಿಸಲಿ ಎಂದು ಸರ್ ಸ್ವತಃ ಕಟ್ಟಿದ ಲೆಕ್ಕವಂತೆ. ಕುರಿಗಾರನೊಬ್ಬ ತನ್ನ ಕುರಿಗಳನ್ನು ಮೂರು ಮೂರರ ಗುಂಪು ಮಾಡಿದರೆ ಒಂದು ಉಳಿಯುತ್ತದೆ, ಐದೈದರ ಗುಂಪು ಮಾಡಿದರೆ ಎರಡು, ಏಳೇಳರದು ಮಾಡಿದರೆ ಮೂರು. ಅವನ ಹಿಂಡಿನಲ್ಲಿ ಕಡಿಮೆಯೆಂದರೆ ಎಷ್ಟು ಕುರಿ ಇರಬೇಕು?

ಉತ್ತರ ಐವತ್ತೆರಡು. ಆ ಲೆಕ್ಕ ಬಿಡಿಸಿದ ಬೇರೆ ಮಕ್ಕಳೆಲ್ಲ ಅದನ್ನೇ ಬರೆದಿದ್ದರು. ಇವರಿಬ್ಬರು ಮಾತ್ರ ಐವತ್ತಮೂರು ಬರೆದಿದ್ದರು.

"ಸರಿ ಉತ್ತರ ಎಲ್ಲಾರದೂ ಒಂದ ಇರತೈತ್ರಿ, ಅದಕ್ಕ ಯಾರೂ ಏನೂ ಅನ್ನಂಗಿಲ್ಲ," ಎಂದರು ಸರ್. "ಆದ್ರ ಇಷ್ಟ ಶಾಣ್ಯಾ ಹುಡಿಗೇರು, ಇಬ್ಬರೂ ಅದ ಲೆಕ್ಕದಾಗ ಅದ ತಪ್ಪು ಮಾಡ್ತಾರೇನ್ರಿ? ಒಬ್ಬಾಕಿ ಇನ್ನೊಬ್ಬಾಕಿದು ನೋಡ್ಯಾಳ."

ಆ ಮಾತು ನನಗೆ ತಟ್ಟನೆ ಅರ್ಥವಾಯಿತು. ಎರಡು ಅಂಗಡಿಯ ತೂಕದ ಕಲ್ಲು ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಎರಡನ್ನೂ ತಿದ್ದಿದ ಕೈ ಒಂದೇ ಎಂದು ನಾನೂ ಎಷ್ಟೋ ಸಲ ವರದಿ ಬರೆದಿದ್ದೇನೆ. ನೋಡಿ ಬರೆದವಳು ತಾನಾಗಿ ಒಪ್ಪಿಕೊಂಡರೆ ಇನ್ನೊಬ್ಬಳನ್ನು ತರಬೇತಿಗೆ ಕಳಿಸುತ್ತೇನೆ, ಒಪ್ಪದಿದ್ದರೆ ಇಬ್ಬರನ್ನೂ ಬಿಟ್ಟು ಮುಂದಿನವರ ಹೆಸರು ಬರೆಯುತ್ತೇನೆ ಎಂದರು ಸರ್. ಆಮೇಲೆ ಮೆತ್ತಗಾಗಿ, ಇಬ್ಬರೂ ನಿಮ್ಮ ಮಕ್ಕಳೇನು ಎಂದು ಕೇಳಿದರು.

"ಇಲ್ರಿ, ನನಗ ಒಬ್ಬಾಕಿ ಮಗಳು. ಇನ್ನೊಬ್ಬಾಕಿ ಅಣ್ಣನ ಮಗಳು, ಓದಾಕ ಬಂದಾಳ," ಎಂದೆ. ಯಾರು ಕೇಳಿದರೂ ನಾನು ಹೇಳುತ್ತಿದ್ದ ಉತ್ತರವೇ ಅದು.

ಮನೆಯಲ್ಲಿ ಹುಡುಗಿಯರ ಮಾತು ನಿಂತಿತು. ಒಂದೇ ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದವರು ಸರದಿಗೆ ನಿಂತರು. ಇಬ್ಬರೂ ತಾನು ನೋಡಿಲ್ಲ ಎಂದರು. ತಾನು ನೋಡಿಲ್ಲವೆಂದು ಗೊತ್ತಿದ್ದ ಮೇಲೆ ಉಳಿದದ್ದು ಒಂದೇ, ಇನ್ನೊಬ್ಬಳು ನೋಡಿದ್ದಾಳೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸಿ ಮುಖ ಊದಿಸಿಕೊಂಡು ತಿರುಗಿದರು. ನಾನು ಇಬ್ಬರನ್ನೂ ಅನುಮಾನಿಸುತ್ತ ರೊಟ್ಟಿ ಬಡಿದೆ.

ಇಬ್ಬರನ್ನೂ ಎಂದು ಹೇಳಿದೆನಲ್ಲ, ಅದು ಪೂರ್ತಿ ಖರೆ ಅಲ್ಲ. ಕಾಟಾ ಅಣ್ಣನ ಮಗಳ ಕಡೆಗೇ ವಾಲಿತ್ತು. ಅವಳು ಹಳ್ಳಿಯಿಂದ ಬಂದವಳು, ಇಲ್ಲಿ ಸೋತರೆ ತಿರುಗಿ ಹಿಂಡಿನ ಹಿಂದೆ ಹೋಗಬೇಕೆಂಬ ಹೆದರಿಕೆ ಅವಳಿಗೇ ಇರುವುದು ಎಂದು ನಾನೇ ತರ್ಕ ಮಾಡಿಕೊಂಡೆ. ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವಳ ಚೀಲ ತೆಗೆದು ನೋಡಿದೆ. ಪರೀಕ್ಷಿಸುವುದು ನನ್ನ ಕೆಲಸ. ಪುಸ್ತಕ, ಕಂಪಾಸು, ಒಣಗಿದ ಬಾರೆಹಣ್ಣಿನ ಒಂದು ಪೊಟ್ಟಣ ಬಿಟ್ಟರೆ ಏನೂ ಇರಲಿಲ್ಲ. ಅವಳು ಒದ್ದೆ ಕೂದಲಲ್ಲಿ ಬಂದು, ತನ್ನ ಚೀಲದ ಝಿಪ್ಪು ಬಿಚ್ಚಿದ್ದನ್ನು ನೋಡಿ, ಸುಮ್ಮನೆ ಅದನ್ನು ಎಳೆದು ಹಾಕಿದಳು. ನನ್ನ ಮುಖ ನೋಡಲಿಲ್ಲ.

ಮರುದಿನವೇ ಅವಳು ಸರ್ ಹತ್ತಿರ ಹೋಗಿ, ತಾನೇ ನೋಡಿ ಬರೆದದ್ದು ಎಂದು ಹೇಳಿಬಂದಳು. ಸಂಜೆ ಮನೆಗೆ ಬಂದು ನನಗೂ ಅದನ್ನೇ ಹೇಳಿ ಬಟ್ಟೆ ಮಡಚಲು ಕೂತಳು.

ಮೊದಲು ನನಗಾದದ್ದು ಸಮಾಧಾನ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮಗಳ ದಾರಿ ಸಾಫ್ ಆಯಿತಲ್ಲ. ಆದರೆ ಚಹಾ ಕುದಿಯುವಷ್ಟರಲ್ಲಿ ಆ ಸಮಾಧಾನದ ಮೇಲೂ ಸಂಶಯ ಬಂತು. ಇಷ್ಟು ಬೇಗ ಒಪ್ಪಿಕೊಂಡವರನ್ನು ನಾನು ನಂಬಿದ್ದಿಲ್ಲ. ಹೌದ್ರಿ ತಪ್ಪಾಗೇತಿ ಎಂದು ಬಾಗಿಲಲ್ಲೇ ಕೈಮುಗಿಯುವ ಅಂಗಡಿಯವನ ಒಳಕೋಣೆಯಲ್ಲಿ ಇನ್ನೊಂದು ತಕ್ಕಡಿ ಇರುತ್ತದೆ. ಮಗಳಾದರೂ ಖುಷಿಯಾಗಬೇಕಿತ್ತು. ಅವಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು, ತುತ್ತು ಎತ್ತಿರಲಿಲ್ಲ.

"ಅವ್ವಾ, ಸಿಟ್ಟಿನ್ಯಾಗ ನನಗ ಹೊಳಿಲೇ ಇಲ್ಲ, ಆಕಿ ನನ್ನ ಮುಂದಿನ ಬೆಂಚಿಗೆ ಕುಂತಿದ್ಲು," ಎಂದಳು. "ಒಮ್ಮಿನೂ ಹಿಂದ ಹೊಳ್ಳಿ ನೋಡಿಲ್ಲ. ಹೆಂಗ ಬರಿತಾಳ ನಂದು ನೋಡಿ?"

ಮುಂದೆ ಕೂತವಳು ಹಿಂದಿನವಳದನ್ನು ನೋಡುವುದು ಕಷ್ಟ. ಹಿಂದೆ ಕೂತವಳು ಮುಂದಿನವಳದನ್ನು ನೋಡುವುದು ಸುಲಭ. ನನ್ನ ಕಣ್ಣು ತಾನಾಗಿಯೇ ಮಗಳ ಮುಖಕ್ಕೆ ಹೋಯಿತು. ಅವಳಿಗೆ ತಿಳಿಯಿತು. ತಟ್ಟೆ ಸರಿಸಿ, "ಬೀರಪ್ಪನ ಆಣಿ, ನಾ ನೋಡಿಲ್ಲ," ಎಂದು ಎದ್ದು ಹೋದಳು. ಬೀರಪ್ಪನ ಆಣೆ ನಮ್ಮ ಮನೆಯಲ್ಲಿ ಸುಮ್ಮನೆ ಹಾಕುವಂಥದ್ದಲ್ಲ. ಒಬ್ಬಳು ನೋಡಿದೆ ಎನ್ನುತ್ತಾಳೆ, ಅವಳಿಂದ ಆಗದ ಮಾತು. ಇನ್ನೊಬ್ಬಳು ನೋಡಬಹುದಿತ್ತು, ದೇವರ ಆಣೆ ಹಾಕುತ್ತಾಳೆ. ನನಗೆ ತಲೆ ಕೆಟ್ಟುಹೋಯಿತು. ಉಳಿದವರು ಸರ್ ಒಬ್ಬರೇ. ಹಾಗಾದರೆ ಸರ್ ಮೇಲೆಯೇ ಯಾಕೆ ಸಂಶಯ ಪಡಬಾರದು?

ಆ ದಿನಗಳಲ್ಲಿ ರಬಕವಿ-ಬನಹಟ್ಟಿಯಲ್ಲಿ ನನ್ನ ಡ್ಯೂಟಿ. ನೂಲಿನ ಅಂಗಡಿಯೊಂದರಲ್ಲಿ ನಮ್ಮ ಪರೀಕ್ಷೆಯ ತೂಕಗಳನ್ನು ಜೀಪಿನಿಂದ ಇಳಿಸುವ ತನಕ ಕಾಯುತ್ತ ಕೂತಿದ್ದೆ. ಪಕ್ಕದ ಓಣಿಯಲ್ಲಿ ಮಗ್ಗಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ನೂಲಿನ ಗಂಟಿಗೆ ಸುತ್ತಿದ್ದ ಕಂದು ಕಾಗದದ ತುಂಡು ಸಿಕ್ಕಿತು. ಸರ್ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಅದು ಖರೇನೇ ಐವತ್ತೆರಡು ಬರುತ್ತದೋ, ಅಥವಾ ಸರ್ ಉತ್ತರವೇ ತಪ್ಪಿದೆಯೋ ನೋಡೇಬಿಡೋಣ ಎಂದು ಪೆನ್ನು ತೆಗೆದೆ. ಏಳರ ಗುಂಪಿನಿಂದ ಶುರು ಮಾಡಿ, ಐದಕ್ಕೆ ಹೊಂದಿಸಿ, ಮೂರಕ್ಕೆ ಹೊಂದಿಸಿ ಕೊನೆಗೆ ಬಂದ ಉತ್ತರಕ್ಕೆ ಎರಡು ಗೆರೆ ಎಳೆದೆ. ಐವತ್ತಮೂರು.

ಮತ್ತೊಮ್ಮೆ ಮಾಡಿದೆ. ಐವತ್ತಮೂರೇ. ನಾನು ಅಲ್ಲೇ ಎದ್ದು ನಿಂತೆ. ಅಂಗಡಿಯವನು ತನ್ನ ತಕ್ಕಡಿಯಲ್ಲಿ ಏನೋ ಸಿಕ್ಕಿತೆಂದು ಹೆದರಿದ. ನಾನು ಯಾರ ಹಾಳೆಯನ್ನು ನೋಡಿದ್ದೆ? ಯಾರದೂ ಇಲ್ಲ. ಮಕ್ಕಳಿಬ್ಬರೂ ಸರಿ, ತಪ್ಪಿದ್ದು ಸರ್. ಮಧ್ಯಾಹ್ನದ ಮೇಲೆ ರಜೆ ಬರೆದುಕೊಟ್ಟು ಜಮಖಂಡಿಯ ಬಸ್ಸು ಹತ್ತಿದೆ. ಸರ್ ಮಾತ್ರ ಏನು, ಅವರು ಲೆಕ್ಕ ಕಲಿತ ಪುಸ್ತಕ, ಆ ಜಿಲ್ಲೆಯ ತರಬೇತಿ, ಆರು ಮಕ್ಕಳನ್ನು ಕರೆಸಿಕೊಳ್ಳುವ ಹೊರದೇಶ, ಎಲ್ಲದರ ಮೇಲೂ ನನಗೆ ದಾರಿಯುದ್ದಕ್ಕೂ ಸಂಶಯ ಬಂತು.

ಶಾಲೆ ಬಿಡುವ ಹೊತ್ತಿಗೆ ಹೋಗಿ ಆ ಕಂದು ಕಾಗದವನ್ನು ಸರ್ ಮೇಜಿನ ಮೇಲೆ ಬಡಿದೆ. ನಿಮ್ಮ ಉತ್ತರವೇ ತಪ್ಪಿದೆ, ಮಕ್ಕಳ ಹೆಸರು ಯಾಕೆ ಕೆಡಿಸಿದಿರಿ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು. ನಾನೇ ಮಾಡಿದ ಲೆಕ್ಕದಲ್ಲಿ ಐವತ್ತೆರಡು ಬಂದಿತ್ತು. ಅದರ ಕೆಳಗೆ ನಾನೇ ಒಂದು ಕೂಡಿಸಿದ್ದೆ.

"ಇಲ್ಲಿತನ ಬರೋಬರಿ ಐತ್ರಿ ಅಕ್ಕಾರ. ಈ ಒಂದು ಎಲ್ಲಿಂದ ಬಂತ್ರಿ?"

"ಎಲ್ಲಿಂದ ಅಂದ್ರ? ಅದು ದೇವರ ಕುರಿ ಅಲ್ರಿ," ಎಂದೆ.

ಅವರಿಗೆ ತಿಳಿಯಲಿಲ್ಲ. ಇಷ್ಟೂ ಗೊತ್ತಿಲ್ಲದವರು ಕುರಿಯ ಲೆಕ್ಕ ಯಾಕೆ ಕಟ್ಟಬೇಕು ಎಂಬ ಸಿಟ್ಟಿನಲ್ಲೇ ವಿವರಿಸಿದೆ. ಬೇರೆಯವರ ಪದ್ಧತಿ ನನಗೆ ಗೊತ್ತಿಲ್ಲ. ನಮ್ಮ ಮನೆತನದಲ್ಲಿ ಹಿಂಡಿಗೊಂದು ಕುರಿ ಬೀರಪ್ಪನದು. ಅದರ ಉಣ್ಣೆ ಕತ್ತರಿಸುವುದಿಲ್ಲ, ಅದನ್ನು ಮಾರುವುದಿಲ್ಲ. ಬೆಳಿಗ್ಗೆ ಕುರಿಗಳನ್ನು ಗುಂಪು ಗುಂಪಾಗಿ ಹೊರಗೆ ಬಿಡುವಾಗ ಅದು ಎಲ್ಲಕ್ಕಿಂತ ಮುಂದೆ ತಾನಾಗಿಯೇ ಹೋಗಿ ನಿಂತಿರುತ್ತದೆ, ಅದನ್ನು ಯಾವ ಗುಂಪಿಗೂ ಸೇರಿಸುವುದಿಲ್ಲ. ಎಣಿಕೆ ಮುಗಿದ ಮೇಲೆ ಅದೊಂದು ಇದ್ದೇ ಇದೆ. ಗುಂಪು ಮಾಡಿದ್ದು ಐವತ್ತೆರಡು, ಹಿಂಡಿನಲ್ಲಿ ಇರುವುದು ಐವತ್ತಮೂರು. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳಿಸಿತು. ಹಾಳೆಯಲ್ಲಿ ಎಲ್ಲಿಯೂ ಬೀರಪ್ಪನ ಸುದ್ದಿ ಇರಲಿಲ್ಲ. ನಾನು ಕುರ್ಚಿ ಎಳೆದು ಕೂತೆ.

ಸರ್ ನಗಲಿಲ್ಲ, ನಂಬಲೂ ಇಲ್ಲ. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅವತ್ತು. ಇದನ್ನು ನಾನೇ ಮನೆಯಲ್ಲಿ ಕೂತು ಕಟ್ಟಿಕೊಂಡು ಬಂದಿರಬಹುದಲ್ಲ? ನನ್ನನ್ನು ಅಲ್ಲಿಯೇ ಕೂರಿಸಿ, ಹುಡುಗಿಯರನ್ನು ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆಸಿ, ಆ ಲೆಕ್ಕವನ್ನು ಬಾಯಿಬಿಟ್ಟು ಮಾಡಲು ಹೇಳಿದರು. ಇಬ್ಬರೂ ಐವತ್ತೆರಡಕ್ಕೆ ಬಂದು, ಉಸಿರೂ ತಗೊಳ್ಳದೆ ಒಂದು ಕೂಡಿಸಿದರಂತೆ. ಯಾಕೆ ಎಂದರೆ, ಯಾಕೆ ಎಂದು ಕೇಳುವುದೇ ಇಬ್ಬರಿಗೂ ವಿಚಿತ್ರವೆನಿಸಿತಂತೆ. ಆಮೇಲೆ ಅದೇ ನಮೂನೆಯ ಲೆಕ್ಕವನ್ನು ಅಂಕಿ ಬದಲಿಸಿ ನಿಂಬೆಹಣ್ಣಿನ ಮೇಲೆ ಕೊಟ್ಟರು. ಇಬ್ಬರೂ ಸರಿಯಾಗಿ ಮಾಡಿದರು. ನಿಂಬೆಹಣ್ಣಿನಲ್ಲಿ ದೇವರಿಗೆ ಮೀಸಲು ಇರಲಿಲ್ಲ.

ಉತ್ತರ ತಪ್ಪೇ, ಅದಕ್ಕೆ ಅಂಕ ಕೊಡುವುದಿಲ್ಲ ಎಂದರು ಸರ್. ಆದರೆ ಇಬ್ಬರ ಹೆಸರನ್ನೂ ತರಬೇತಿಗೆ ಬರೆದರು. ನಿಮಗೆ ಎಷ್ಟೇ ಸಹಜ ಅನಿಸಿದರೂ ಮನಸ್ಸಿನಲ್ಲಿ ಇರುವುದನ್ನೆಲ್ಲ ಹಾಳೆಯ ಮೇಲೆ ಬರೆಯಿರಿ, ನೋಡುವವರಿಗೆ ನಿಮ್ಮ ಮನೆ ಗೊತ್ತಿರುವುದಿಲ್ಲ ಎಂದು ಹುಡುಗಿಯರಿಗೆ ಹೇಳಿದರು. ಮನೆಗೆ ಬರುವ ದಾರಿಯಲ್ಲಿ ಅವರಿಬ್ಬರೂ ನನ್ನನ್ನು ಹಿಂದೆ ಬಿಟ್ಟು ಕೈ ಹಿಡಿದುಕೊಂಡು ನಡೆದರು. ನನ್ನ ಮಗಳು ಅತ್ತಳು, ಅಣ್ಣನ ಮಗಳು ಅವಳಿಗೆ ಬಾರೆಹಣ್ಣು ಕೊಟ್ಟಳು. ಯಾರೂ ನನಗೆ ಕೊಡಲಿಲ್ಲ.

ಮೊದಲ ಹಂತದ ಫಲಿತಾಂಶ ಬಂದಾಗ ಅಣ್ಣನ ಮಗಳು ದಾಟಿದ್ದಳು, ನನ್ನ ಮಗಳು ದಾಟಿರಲಿಲ್ಲ. ಮೊಬೈಲಿನಲ್ಲಿ ಅದನ್ನು ನೋಡಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಸಂಶಯವೇ. ಎಲ್ಲೋ ನೋಂದಣಿ ಸಂಖ್ಯೆ ಅದಲುಬದಲಾಗಿರಬೇಕು ಎಂದು ಎರಡನ್ನೂ ಮತ್ತೆ ಮತ್ತೆ ತಾಳೆ ನೋಡಿದೆ. ಮಗಳೇ ಬಂದು ಫೋನು ಕಸಿದುಕೊಂಡು, "ಸಾಕ ಬಿಡವ್ವ," ಎಂದಳು.

ಎರಡನೆಯ ಹಂತ ವಿಜಯಪುರದಲ್ಲಿ. ಅಣ್ಣ ಹಿಂಡು ಬಿಟ್ಟು ಬರುವಂತಿರಲಿಲ್ಲ, ನಾನೇ ಕರೆದುಕೊಂಡು ಹೊರಟೆ. ಕಬ್ಬಿನ ಹಂಗಾಮು ಶುರುವಾಗಿತ್ತು. ಚಿಕ್ಕಪಡಸಲಗಿಯ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡಿತು. ಕಿಟಕಿಯಲ್ಲಿ ಹೊಳೆ ಕಾಣುತ್ತಿತ್ತು. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ನೀರು ನೋಡುತ್ತಿದ್ದಳು. ಇಷ್ಟು ದಿನ ನನ್ನನ್ನು ಕೊರೆಯುತ್ತಿದ್ದುದನ್ನು ಆಗ ಕೇಳಿದೆ. ನೋಡಿ ಬರೆಯದೆ ಇದ್ದವಳು ನೋಡಿ ಬರೆದೆ ಎಂದು ಯಾಕೆ ಹೇಳಿದೆ? ನನ್ನ ಮಗಳೇನಾದರೂ ಹೇಳೆಂದಳೇ? ನನಗೆ ಹೆದರಿ ಹೇಳಿದೆಯಾ?

ಅವಳು ಇಲ್ಲ ಎಂದು ತಲೆಯಾಡಿಸಿದಳು.

"ಸರ್ ಮಕ್ಕಳ ಬಗ್ಗೆ ಕೇಳಿದಾಗ ನೀವು ಒಬ್ಬಾಕಿ ಅಂದ್ರಿ ಅತ್ತಿ. ನಾ ಬಾಗಲದಾಗ ನಿಂತಿದ್ದೆ," ಎಂದಳು. "ಇಬ್ಬರೊಳಗ ಒಬ್ಬರನ್ನ ಬಿಡಬೇಕು ಅಂದ್ರ, ಎಣಿಕ್ಯಾಗ ಇರಲಾರದಾಕಿನ್ನ ಬಿಟ್ರ ಯಾರಿಗೂ ಕಡಿಮಿ ಬೀಳೂದಿಲ್ಲಲ್ರಿ. ಅದಕ್ಕ ಹೇಳಿದೆ."

ದನಿಯಲ್ಲಿ ಮುನಿಸು ಇದೆಯೇನೋ ಎಂದು ನಾನು ಹುಡುಕಿದೆ, ನನ್ನ ಚಾಳಿಯದು. ಒಂದು ಚೂರೂ ಸಿಗಲಿಲ್ಲ. ಮುನಿಸಿಕೊಂಡಿದ್ದರೆ ಒಳ್ಳೆಯದಿತ್ತು, ನಾನು ಎರಡು ಮಾತು ಆಡಿ ಗೆಲ್ಲಬಹುದಿತ್ತು. ನಾನು ಬಸ್ಸಿನ ಟಿಕೆಟನ್ನು ಮಡಚಿ ಮಡಚಿ ಚಿಕ್ಕದು ಮಾಡಿದೆ. ಮುಂದಿನ ಟ್ರ್ಯಾಕ್ಟರು ಸರಿದು ಬಸ್ಸು ಮತ್ತೆ ಹೊರಟಿತು. ಅವಳು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ದೊಡ್ಡ ಅರ್ಧವನ್ನು ನನಗೆ ಕೊಟ್ಟಳು.

ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಒಬ್ಬರು ಮಕ್ಕಳ ಪ್ರವೇಶಪತ್ರ ನೋಡಿ ಒಳಗೆ ಬಿಡುತ್ತಿದ್ದರು. ಅವಳ ಪ್ರವೇಶಪತ್ರ ನೋಡಿದರು, ನನ್ನನ್ನು ನೋಡಿದರು, ನಿಮ್ಮ ಮಗಳೇನು ಎಂದು ಕೇಳಿದರು.

"ಹೌದ್ರಿ," ಎಂದೆ. ಬಸ್ಸಿನಲ್ಲಿ ಬರದ ಮಾತು ಆಗ ಸಲೀಸಾಗಿ ಬಂತು.

"ಅಲ್ರಿ," ಎಂದಳು ಅವಳು. "ನಮ್ಮ ಅತ್ತಿ ಅವರು."

ಹಾಳೆಯ ಮೇಲೆ ತಪ್ಪು ಬಿದ್ದ ಅಂಕಿಯನ್ನು ಸರಿಪಡಿಸುವ ಹಾಗೆ ಹೇಳಿದಳು, ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು ಕೂಡ. ಪೆನ್ನು ಎರಡಿವೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು ಒಳಗೆ ಹೋದಳು. ನಾನು ಗೇಟಿನ ಹೊರಗೆ ಬೇರೆಯವರ ತಾಯಂದಿರ ಜೊತೆ ನಿಂತುಕೊಂಡೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದರಲ್ಲಿ ಸಂಶಯ ಪಡುವಂಥದ್ದು ಏನೂ ಇರಲಿಲ್ಲ.